ಕಛ್‌ನಿಂದ ತಂದ ಕಲ್ಲಿನ ಬಿಲ್ಲೆ: ಎಲ್ಲಾ ನಮ್ಯುಲೈಟಿಸ್ಸೇನಾ, ಬ್ಯಾರೆ ಏನರ ಅದಾವೇನ್ರಿ?

ಕೋಥ್ರೂಡ್_ಧಾರವಾಡ
ನಮಸ್ಕಾರ್ರೀ ಎಲ್ಲಾರಿಗೂ. ಡಿಸೆಂಬರ್ ಸೂಟಿಯೊಳಗ ಮನಿಮಂದಿ ಎಲ್ಲಾ ಕೂಡಿ ಪುಣೆಯಿಂದ ಕಛ್‌ಗೆ ಹೋಗಿದ್ವಿ, ಬಿಳಿ ರಣ್, ಲಖಪತ್ ಕೋಟಿ ನೋಡ್ಕೊಂಡು ಫುಲ್ರಾ ಅನ್ನೋ ಹಳ್ಳಿ ಹತ್ರ ಗಾಡಿ ನಿಲ್ಸಿದಾಗ ನನ್ ಮಗ ಇಳದು ಹೋದಾಂವ ಮುಷ್ಟಿ ತುಂಬ ಕಲ್ಲಿನ ರೊಕ್ಕ ಹಿಡ್ಕೊಂಡು ಬಂದ. ನೆಲದ ತುಂಬ ಅವಽ ಬಿದ್ದಿದ್ವು, ಯಾರೋ ಚಿಲ್ರಿ ಚೆಲ್ಲಿ ಹೋದಂಗ. ಮನಿಗೆ ಬಂದು ತೊಳದು, ಫೋಟೋ ತಗದು ಒಂದು ಆ್ಯಪ್‌ಗೆ ಹಾಕಿದ್ರ ಎಲ್ಲಾದಕ್ಕೂ ನಮ್ಯುಲೈಟಿಸ್ (ಹಳೇ ಸಮುದ್ರಜೀವಿಯ ಕಲ್ಲಾದ ಚಿಪ್ಪು) ಅಂತ ಒಂದಽ ಉತ್ತರ. ಆದ್ರ ನನ್ನ ಕಣ್ಣಿಗೆ ಮೂರು ನಮೂನಿ ಕಾಣಸ್ತಾವ್ರಿ. ಒಂದು ಮಸೂರ ಬ್ಯಾಳಿಗತೆ ಉಬ್ಬಿದ್ದು, 14 ಅದಾವ. ಎರಡನೇದು ಚಪ್ಪಟಿ, ಮ್ಯಾಲೆ ಚಕ್ಕಲಿ ಸುತ್ತು ಬರಿಗಣ್ಣಿಗೇ ಕಾಣ್ತಾವ, 9. ಮೂರನೇದು ಹಪ್ಪಳದಂಗ ತೆಳ್ಳಗ, ನಡುವ ಹೊಕ್ಕಳದಂಗ ಗುಬ್ಬಿ, ಮೈತುಂಬ ಸಣ್ಣ ಸಣ್ಣ ಗುಳ್ಳಿ, 17. ಮೂರು ಸಿಹಿ ಡಬ್ಬಿಯೊಳಗ ಬ್ಯಾರೆ ಬ್ಯಾರೆ ಮಾಡಿ ಇಟ್ಟೀನಿ, ಹೆಸರು ಏನ್ ಬರೀಲಿ? ಪುಣೆಯೊಳಗ ಎಲ್ಲಿ ಅಗದ್ರೂ ಕರಿಕಲ್ಲಽ, ಇಂಥಾ ಕಲ್ಲು ನೋಡಿದವರು ನನ್ನ ಸುತ್ತಮುತ್ತ ಯಾರೂ ಇಲ್ಲ.

ಪನ್ವೇಲ್_ಅಜ್ಜ
ಒಳ್ಳೆ ಪ್ರಶ್ನೆ. ನಾನು ಎಣ್ಣೆ ಬಾವಿಯಿಂದ ಬರೋ ಕಲ್ಲಿನ ಚೂರನ್ನ ಮೈಕ್ರೋಸ್ಕೋಪಲ್ಲಿ ನೋಡ್ಕೊಂಡೇ ರಿಟೈರ್ ಆದವನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಇವೆಲ್ಲಾ ಫೋರಾಮಿನಿಫೆರಾ, ಅಂದ್ರೆ ಒಂದೇ ಜೀವಕೋಶದ ಪ್ರಾಣಿ ತನಗೆ ಸುಣ್ಣದ ಚಿಪ್ಪು ಕಟ್ಕೊಂಡಿದ್ದು. ಬೆಳೀತಾ ಬೆಳೀತಾ ಒಂದೊಂದೇ ಕೋಣೆ ಸೇರಿಸ್ಕೊಂಡು ಹೋಗುತ್ತೆ, ಹಳೇ ಕೋಣೆ ಒಡೆಯಲ್ಲ. ಆದ್ರಿಂದ ಹುಟ್ಟಿದ ಮೊದಲನೇ ಕೋಣೆಯಿಂದ ಕೊನೇ ಕೋಣೆವರೆಗೂ ಎಲ್ಲಾ ಒಳಗೇ ಉಳಿದಿರುತ್ತೆ. ಕುಲ ಗೊತ್ತುಮಾಡೋದು ಅದನ್ನ ನೋಡಿ, ಹೊರಗಿನ ಆಕಾರ ನೋಡಿ ಅಲ್ಲ. ನಿಮ್ಮ ಆ್ಯಪ್ ನೋಡಿದ್ದು ಹೊರಗಡೆ ಮಾತ್ರ.

ಎರಡನೇ ಡಬ್ಬಿ ಸುಲಭ. ಸುತ್ತುಗಳೆಲ್ಲಾ ಹೊರಗೇ ಕಾಣ್ತಿದ್ರೆ ಪ್ರತಿ ಹೊಸ ಸುತ್ತು ಹಳೇದರ ಪಕ್ಕಕ್ಕೆ ಕೂತಿದೆ ಅಂತ ಅರ್ಥ, ಅದು ಅಸಿಲಿನಾ ಅನ್ನೋ ಇನ್ನೊಂದು ಕುಲ ಇರಬಹುದು. ನಮ್ಯುಲೈಟಿಸ್ ಹಾಗಲ್ಲ, ಪ್ರತಿ ಹೊಸ ಸುತ್ತು ಹಳೇದನ್ನ ಎರಡೂ ಕಡೆಯಿಂದ ನಡುವಿನ ತನಕ ಪೂರ್ತಿ ಹೊದ್ಕೊಳ್ಳುತ್ತೆ, ಈರುಳ್ಳಿ ಸಿಪ್ಪೆ ಥರ. ಅದಕ್ಕೇ ಹೊರಗೆ ಕೊನೇ ಸುತ್ತು ಬಿಟ್ಟು ಬೇರೇನೂ ಕಾಣಲ್ಲ, ಹೊಟ್ಟೆನೂ ಉಬ್ಬಿರುತ್ತೆ. ಎರಡರಲ್ಲೂ ಸುತ್ತಿನ ಹೊರ ಅಂಚಲ್ಲಿ ದಪ್ಪ ಹುರಿ ಥರ ಒಂದು ಪಟ್ಟಿ ಇರುತ್ತೆ, ಒಳಗೆಲ್ಲಾ ಸಣ್ಣ ಕಾಲುವೆ, ಅದನ್ನ ಮಾರ್ಜಿನಲ್ ಕಾರ್ಡ್ ಅಂತೀವಿ, ಈ ಮನೆತನದ ಗುರುತೇ ಅದು.

ಮೂರನೇ ಡಬ್ಬಿ ಬಗ್ಗೆ ಈಗಲೇ ಏನೂ ಹೇಳಲ್ಲ. ಒಡೆದು ನೋಡಿ.

ಮಾಟುಂಗಾ_ಮಾಣಿ
ಮಸೂರ ಬೇಳೆ ಅಂದದ್ದು ಓದಿ ನೆನಪಾಯ್ತು ಮಾರಾಯ್ರೆ. ಈಜಿಪ್ಟಿನ ಗಿಜಾ ಪಿರಮಿಡ್ಡಿನ ಕಲ್ಲಲ್ಲಿ ಇದೇ ನಮ್ಯುಲೈಟಿಸ್ ರಾಶಿ ರಾಶಿ ಉಂಟು. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಅಲ್ಲಿ ಹೋದಾಗ ಇದು ಪಿರಮಿಡ್ ಕಟ್ಟಿದ ಕೂಲಿಯವರು ಉಂಡು ಉಳಿಸಿದ ಬೇಳೆ, ಕಲ್ಲಾಗಿದೆ ಅಂತ ಜನ ಹೇಳಿದರಂತೆ, ಅವನು ಅದನ್ನು ಬರೆದಿಟ್ಟ. ಹೆಸರಿನ ಅರ್ಥವೂ ಚಿಲ್ಲರೆ ಕಾಸೇ, ಲ್ಯಾಟಿನ್‌ನಲ್ಲಿ ಸಣ್ಣ ನಾಣ್ಯ ಅಂತ, 1801ರಲ್ಲಿ ಲಮಾರ್ಕ್ ಇಟ್ಟದ್ದು.

ಇನ್ನೊಂದು, ನಮ್ಮ ಮುಂಬೈಗೂ ಇದಕ್ಕೂ ನಂಟುಂಟು. 1850ರ ಆಸುಪಾಸಿನಲ್ಲಿ ಹೆನ್ರಿ ಜಾನ್ ಕಾರ್ಟರ್ ಅಂತ ಒಬ್ಬ ಸರ್ಜನ್ ಇಲ್ಲಿ ಕಂಪನಿ ಸರ್ಕಾರದ ಕೆಲಸದಲ್ಲಿದ್ದ, ರೋಗಿಗಳನ್ನು ನೋಡಿ ಉಳಿದ ಹೊತ್ತಲ್ಲಿ ಸಿಂಧ್‌ನಿಂದ ಬಂದ ಇಂಥದೇ ಬಿಲ್ಲೆಗಳನ್ನು ಕೊಯ್ದು ಒಳಗಿನ ರಚನೆ ಬರೆದವ. ಕೋಟೆ ಕಡೆ ಹಳೇ ಕಟ್ಟಡಗಳಿಗೆ ಹಾಕಿದ ಪೋರಬಂದರ್ ಕಲ್ಲಿಗೆ ಮಿಲಿಯೊಲೈಟ್ ಅಂತ ಹೆಸರು ಬಂದದ್ದೂ ಅದರೊಳಗಿನ ಮಿಲಿಯೊಲಿಡ್ ಅನ್ನುವ ಫೋರಾಮ್‌ಗಳಿಂದ (ಫೋರಾಮಿನಿಫೆರಾಕ್ಕೆ ಚುಟುಕು ಹೆಸರು). ಚರ್ಚ್‌ಗೇಟಲ್ಲಿ ಇಳಿದು ದಿನಾ ಅದರ ಪಕ್ಕವೇ ಓಡ್ತೇವೆ, ಯಾರು ನೋಡ್ತಾರೆ!

ಹಡಪ್ಸರ್_ಹುಡ್ಗ
ಒಂದು ಡೌಟು ಗುರು. ಈಗೆಲ್ಲಾ ಡಿಎನ್‌ಎ ನೋಡಿ ವರ್ಗೀಕರಣ ಮಾಡ್ತಾರೆ, ಅದೂ ವರ್ಷಕ್ಕೊಂದ್ಸಲ ಬದಲಾಗತ್ತೆ. ಕೋಟಿಗಟ್ಲೆ ವರ್ಷದ ಹಿಂದೆ ಸತ್ತಿದ್ದರಲ್ಲಿ ಡಿಎನ್‌ಎ ಇಲ್ಲ, ಮಾಂಸ ಇಲ್ಲ, ಬರೀ ಚಿಪ್ಪು. ಒಬ್ಬ ಉಬ್ಬಿದೆ ಅಂತಾನೆ, ಇನ್ನೊಬ್ಬ ಚಪ್ಪಟೆ ಅಂತಾನೆ, ಇಬ್ರೂ ಒಂದೊಂದು ಕುಲ ಮಾಡ್ತಾರೆ. ಇದು ಸ್ಟಾಂಪ್ ಕಲೆಕ್ಷನ್ ಥರ ಆಗ್ಲಿಲ್ವಾ?

ವಾಸ್ಕೋ_ವಾಸಿ
ಹಡಪ್ಸರ್ ತಮ್ಮಾ, ಪ್ರಶ್ನೆ ಸರಿ ಇದೆ, ಆದರೆ ಅರ್ಧ. ನಾನು ಗೋವಾದಲ್ಲಿ ಸಮುದ್ರದ ಕೆಸರಿನಲ್ಲಿ ಈಗ ಬದುಕಿರೋ ಫೋರಾಮ್ ಹುಡುಕೋ ಕೆಲಸದವನು. ಬರೀ ಹೊರ ಆಕಾರ ನೋಡಿದರೆ ಎಷ್ಟು ಎಡವಟ್ಟಾಗ್ತದೆ ಅನ್ನೋದಕ್ಕೆ ಈ ಗುಂಪಿನ ಹೆಸರೇ ಸಾಕ್ಷಿ. 1826ರಲ್ಲಿ ಫ್ರಾನ್ಸಿನ ಡೋರ್ಬಿನ್ಯಿ ಇವುಗಳಿಗೆ ಫೋರಾಮಿನಿಫೆರಾ ಅಂತ ಹೆಸರಿಟ್ಟಾಗ ಸುರುಳಿ ಚಿಪ್ಪು, ಒಳಗೆ ಕೋಣೆ ನೋಡಿ ಆಕ್ಟೋಪಸ್ ಬಳಗದ ನಾಟಿಲಸ್ಸಿನ ಸಂಬಂಧಿಕರು, ಸಣ್ಣ ಜಾತಿ ಅಷ್ಟೇ ಅಂದುಕೊಂಡಿದ್ದ. 1835ರಲ್ಲಿ ದ್ಯುಜಾರ್ದಾಂ ಜೀವಂತ ಇದ್ದಿದ್ದನ್ನೇ ನೋಡಿ, ಇಲ್ಲಪ್ಪ, ಕೈ ಇಲ್ಲ ಕಾಲಿಲ್ಲ, ಬರೀ ಲೋಳೆ ಎಳೆ ಹೊರಗೆ ಬಿಡ್ತದೆ ಅಂತ ತೋರಿಸಿದ.

ಆಕಾರ ಯಾಕೆ ನಂಬಬಾರದು ಅಂದ್ರೆ, ಈ ದೊಡ್ಡ ಫೋರಾಮ್‌ಗಳ ಒಳಗೆ ಪಾಚಿ ವಾಸ ಮಾಡ್ತವೆ, ಅವಕ್ಕೆ ಬೆಳಕು ಬೇಕು. ನೀರು ಆಳ ಆದ ಹಾಗೆ ಬೆಳಕು ಕಡಿಮೆ, ಅದಕ್ಕೆ ಚಿಪ್ಪು ತೆಳ್ಳಗೆ ಅಗಲ ಆಗ್ತದೆ. ದಡದ ಹತ್ರ ಅಲೆ ಹೊಡೆತ ಜಾಸ್ತಿ, ಅಲ್ಲಿ ಗುಂಡಗೆ ದಪ್ಪ. ಒಂದೇ ಪ್ರಭೇದ ಆಳಕ್ಕೆ ತಕ್ಕ ಹಾಗೆ ಎರಡೂ ಥರ ಕಾಣಬಹುದು. ಉಬ್ಬು, ಚಪ್ಪಟೆ ಅನ್ನೋದು ವಿಳಾಸ ಹೇಳ್ತದೆ, ಮನೆತನ ಹೇಳೋದಿಲ್ಲ. ಕೋಣೆ ಕಟ್ಟೋ ಪದ್ಧತಿ ಮಾತ್ರ ಅಷ್ಟು ಸುಲಭಕ್ಕೆ ಬದಲಾಗೋದಿಲ್ಲ, ಅಜ್ಜ ಒಡೆದು ನೋಡಿ ಅಂದಿದ್ದು ಅದಕ್ಕೇ.

ಡೊಂಬಿವ್ಲಿ_ಲೋಕಲ್
ಹಂಗಾರ ಒಡಿಯೂದು ಹೆಂಗ್ರಿ? ಸುತ್ತಗಿ ತಗೊಂಡು ಹೊಡದ್ರ ಪುಡಿ ಆಗಿ ಹೋದೀತು.

ಪನ್ವೇಲ್_ಅಜ್ಜ
ನಮ್ಯುಲೈಟಿಸ್‌ಗೆ ಹಳೇ ಉಪಾಯ ಒಂದಿದೆ. ಇಕ್ಕಳದಲ್ಲಿ ಹಿಡ್ಕೊಂಡು ಗ್ಯಾಸ್ ಉರಿ ಮೇಲೆ ಚೆನ್ನಾಗಿ ಕಾಯಿಸಿ, ಟಪ್ ಅಂತ ತಣ್ಣೀರಿಗೆ ಹಾಕಬೇಕು. ಸುತ್ತುಗಳ ಸಮತಲದಲ್ಲೇ ಎರಡು ಹೋಳಾಗುತ್ತೆ, ಬಿಸ್ಕತ್ತು ಬಿಡಿಸಿದ ಹಾಗೆ. ಆಗದೇ ಇದ್ರೆ ಇನ್ನೊಂದ್ಸಲ ಕಾಯಿಸಿ. ಕಲ್ಲು ಪೂರ್ತಿ ಒಣಗಿರಬೇಕು, ಒಳಗೆ ನೀರಿದ್ರೆ ಸಿಡಿಯುತ್ತೆ, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಮಗೂನ ದೂರ ನಿಲ್ಸಿ. ಎಲ್ಲಾ ಒಡೀಬೇಡಿ, ಡಬ್ಬಿಗೆ ಮೂರು ಸಾಕು.

ಕೋಥ್ರೂಡ್_ಧಾರವಾಡ
ಮಾಡಿದ್ನಿರೀ. ಅವ್ವ ರೊಟ್ಟಿ ಬೇಯಿಸಿ ಎದ್ದ ಮ್ಯಾಲೆ ಆಕಿ ಇಕ್ಕಳ ತಗೊಂಡು, ಸ್ಕೂಟರ್ ಕನ್ನಡಕ ಹಾಕ್ಕೊಂಡು ಕುಂತೆ. ಮೊದಲನೇದು ಕಾದು ಕಾದು ಬೂದಿ ಬಣ್ಣಕ್ಕ ತಿರುಗ್ತು, ನೀರಿಗೆ ಬಿಟ್ಟ ಕೂಡ್ಲೆ ಚುಯ್ ಅಂತ ಸಪ್ಪಳ, ಆದ್ರ ಒಡೀಲಿಲ್ಲ. ಎರಡನೇ ಸಲ ಕಾಯಿಸಿ ಬಿಟ್ರ ಚಟ್ ಅಂತ ಎರಡು ಹೋಳು! ಒಳಗ ನೋಡ್ರಿ, ಏನ್ ಹೇಳ್ಲಿ, ಒಂದು ಎಳಿ ತಪ್ಪದಂಗ ಸುರುಳಿ, ಇಪ್ಪತ್ತರ ಮ್ಯಾಲೆ ಸುತ್ತು ಎಣಿಸಿದೆ, ಸುತ್ತಿನೊಳಗ ಸಾಲಾಗಿ ಬಾಗಿದ ಅಡ್ಡಗ್ವಾಡಿ. ಅವ್ವ ಬಂದು ನೋಡಿ, ಇದನ್ನ ಕೊರದಾಂವ ಯಾವ ಊರಾಂವೋ ಅಂದ್ಲು.

ಎರಡನೇ ಡಬ್ಬೀದೂ ಹಂಗಽ ಒಡೀತು, ಸುರುಳಿ ಐತಿ, ಅಜ್ಜಾರು ಹೇಳಿದಂಗ ಅಂಚಿನ ಹುರಿನೂ ಕಾಣ್ತೈತಿ. ಮೂರನೇ ಡಬ್ಬೀದು ಮಾತ್ರ ಅಡ್ಡಾದಿಡ್ಡಿ ಒಡದು ನಾಕು ತುಂಡಾತು, ಒಡದ ಅಂಚಿನ್ಯಾಗ ಸುರುಳಿ ಗುರುತಽ ಇಲ್ಲ.

ಇನ್ನೊಂದು ವಿಚಿತ್ರ. ಉಬ್ಬಿದ ಡಬ್ಬಿಯೊಳಗ ದೊಡ್ಡ ಬಿಲ್ಲಿ ಒಡದಾಗ ನಟ್ಟ ನಡುವ ಏನೂ ಕಾಣಂಗಿಲ್ಲ, ಸುರುಳಿ ಸಣ್ಣಾಗ್ತ ಸಣ್ಣಾಗ್ತ ಹೋಗಿ ಮಾಯ ಆಗ್ತೈತಿ. 4 ಮಿಲಿಮೀಟರಿನ ಸಣ್ಣದ್ರಾಗ ನೋಡಿದ್ರ ನಡುವ ಸಾಸಿವಿಗಿಂತ ಸಣ್ಣ, ಆದ್ರ ಬರಿಗಣ್ಣಿಗೆ ಕಾಣೂವಂಥಾ ಗುಂಡನ ಕೋಣಿ ಐತಿ. ಇವು ಎರಡು ಜಾತೀನೇನ್ರಿ?

ಡೊಂಬಿವ್ಲಿ_ಲೋಕಲ್
ದೊಡ್ಡದರ ನಡುವ ಸಣ್ಣ ಕೋಣಿ, ಸಣ್ಣದರ ನಡುವ ದೊಡ್ಡ ಕೋಣಿ ಅಂದ್ರ ಎರಡು ಬ್ಯಾರೆ ಜಾತೀನಽ ಅಲ್ಲೇನ್ರಿ, ಇದರಾಗ ಕೇಳೂದೇನೈತಿ?

ವಾಸ್ಕೋ_ವಾಸಿ
ಅಕ್ಕಾ, ನೂರೈವತ್ತು ವರ್ಷದ ಹಿಂದಿನ ಪಂಡಿತರೂ ಇದೇ ಹೇಳಿದ್ದರು, ಹಾಗಾಗಿ ನೀವು ಒಳ್ಳೇ ಜನರ ಜೊತೆಗೇ ಇದ್ದೀರಿ. ಆದರೆ ಅದು ಒಂದೇ ಪ್ರಾಣಿ. ಫೋರಾಮ್ ಒಂದು ತಲೆಮಾರು ಲಿಂಗ ರೀತಿಯಲ್ಲಿ, ಇನ್ನೊಂದು ತಲೆಮಾರು ಲಿಂಗ ಇಲ್ಲದೆ ಹುಟ್ತದೆ. ಲಿಂಗ ಇಲ್ಲದೆ ತಾಯಿ ಒಡಲು ಹಂಚಿ ಹುಟ್ಟಿದ ಮರಿಗೆ ಶುರುವಿನಲ್ಲೇ ಬಂಡವಾಳ ಜಾಸ್ತಿ, ಮೊದಲ ಕೋಣೆ ದೊಡ್ಡದು, ಒಟ್ಟು ಚಿಪ್ಪು ಸಣ್ಣದು, ಅದು ಎ ರೂಪ. ಎರಡು ಸೂಕ್ಷ್ಮ ಕೋಶ ಕೂಡಿ ಹುಟ್ಟಿದ್ದಕ್ಕೆ ಮೊದಲ ಕೋಣೆ ಕಣ್ಣಿಗೆ ಕಾಣದಷ್ಟು ಪುಟ್ಟದು, ಬೆಳೆದು ಬೆಳೆದು ಚಿಪ್ಪು ಭಾರೀ ದೊಡ್ಡದಾಗ್ತದೆ, ಅದು ಬಿ ರೂಪ. ಇದು ಗೊತ್ತಿಲ್ಲದೆ ಎಷ್ಟೋ ನಮ್ಯುಲೈಟಿಸ್‌ಗೆ ಎರಡೆರಡು ಹೆಸರು ಬಿದ್ದಿದೆ. ಕಛ್‌ನಲ್ಲೇ ಸಿಗೋ ನಮ್ಯುಲೈಟಿಸ್ ಫಿಕ್ಟೆಲಿ ನೋಡಿ, ಸಣ್ಣದಕ್ಕೆ ಫಿಕ್ಟೆಲಿ ಅಂತ, ದೊಡ್ಡದಕ್ಕೆ ಇಂಟರ್‌ಮೀಡಿಯಸ್ ಅಂತ ಹೆಸರಿಟ್ಟಿದ್ರು, ಆಮೇಲೆ ಎರಡೂ ಒಂದೇ ಅಂತ ಗೊತ್ತಾಯ್ತು.

ಹಡಪ್ಸರ್_ಹುಡ್ಗ
ಓಕೆ, ಸ್ಟಾಂಪ್ ಮಾತು ವಾಪಸ್ ತಗೊಂಡೆ. ಅಮ್ಮ ಮಗಳಿಗೇ ಬೇರೆ ಬೇರೆ ಜಾತಿ ಸರ್ಟಿಫಿಕೇಟ್ ಕೊಟ್ಟಂಗಾಯ್ತು. ಆದ್ರೆ ನಮ್ಯುಲೈಟಿಸ್ ಪೂರ್ತಿ ಅಳಿದುಹೋಗಿರೋ ಕುಲ ತಾನೇ?

ವಾಸ್ಕೋ_ವಾಸಿ
ಅದೂ ಜಗಳದ ವಿಷಯವೇ. ಪಶ್ಚಿಮ ಪೆಸಿಫಿಕ್‌ನಲ್ಲಿ ಒಂದು ಜೀವಂತ ಪ್ರಭೇದ ಇದೆ, ವೆನೋಸಸ್ ಅಂತ. ಅದನ್ನ ಕೆಲವರು ನಮ್ಯುಲೈಟಿಸ್ ಅಂತಲೇ ಕರೀತಾರೆ, ಕೆಲವರು ಬೇರೆ ಕುಲಕ್ಕೆ ಹಾಕ್ತಾರೆ. ಅಸಿಲಿನಾದ್ದೂ ಇದೇ ಕಥೆ. ಅನುಮಾನವೇ ಇಲ್ಲದೆ ಅಳಿದ ಕುಲ ಬೇಕು ಅಂದ್ರೆ ನನ್ನ ಅಂದಾಜು ಮೂರನೇ ಡಬ್ಬಿಯಲ್ಲಿದೆ. ಅಜ್ಜನೂ ಅದನ್ನೇ ಮನಸ್ಸಲ್ಲಿಟ್ಕೊಂಡು ಸುಮ್ಮನಿದ್ದಾರೆ ಅನಿಸ್ತದೆ.

ಪನ್ವೇಲ್_ಅಜ್ಜ
ಹೌದು, ಸಿಕ್ಕಿಬಿದ್ದೆ. ಕೋಥ್ರೂಡ್ ಅವರೇ, ಮೂರನೇದನ್ನ ಕಾಯಿಸಬೇಡಿ, ಉಜ್ಜಿ. ಹಾರ್ಡ್‌ವೇರ್ ಅಂಗಡೀಲಿ ನೀರಲ್ಲಿ ಉಜ್ಜೋ ಪಾಲಿಶ್ ಪೇಪರ್ 600 ನಂಬರ್ ಒಂದು, 1000 ನಂಬರ್ ಒಂದು ತನ್ನಿ. ಗಾಜಿನ ಮೇಲೆ ಪೇಪರ್ ಹಾಸಿ, ನೀರು ಚಿಮುಕಿಸಿ, ಬಿಲ್ಲೆ ಚಪ್ಪಟೆ ಮಲಗಿಸಿ ಬೆರಳಲ್ಲಿ ಒತ್ತಿ ಗುಂಡಗೆ ಉಜ್ಜಿ. ಮೂವತ್ತು ಸುತ್ತಿಗೊಂದ್ಸಲ ತೊಳೆದು ಭೂತಗನ್ನಡೀಲಿ ನೋಡ್ತಾ ಇರಿ. ನಡುಮಧ್ಯದ ಪದರ ಬಂದ ತಕ್ಷಣ ನಿಲ್ಲಿಸಿ, ಅದು ಬಹಳ ತೆಳು, ಎರಡು ಸಲ ಜಾಸ್ತಿ ಉಜ್ಜಿದ್ರೆ ಹೋಯ್ತು.

ಅಲ್ಲಿ ಕಾಣೋ ಕೋಣೆಗಳ ಆಕಾರ ನಂಗೆ ಬೇಕು. ಒಂದರ ಹೊರಗೊಂದು ಬಳೆ ಥರ ಸುತ್ತುಗಳು, ಪ್ರತಿ ಬಳೇಲೂ ಆಯತಾಕಾರದ ಸಣ್ಣ ಕೋಣೆಗಳು, ಒಳಗಿನ ಬಳೆ ಗೋಡೆಗೆ ಹೊರಗಿನ ಬಳೆ ಗೋಡೆ ಎದುರಾಬದುರಾ ಬರದೆ ಇಟ್ಟಿಗೆ ಕಟ್ಟಿದ ಹಾಗೆ ಸಂದಿ ತಪ್ಪಿಸಿ ಕೂತಿದ್ರೆ ಅದು ಡಿಸ್ಕೋಸೈಕ್ಲಿನಾ. ಬಿಲ್ಲೆ ನಕ್ಷತ್ರದ ಹಾಗೆ ಏಣು ಬಿಟ್ಟಿದ್ರೆ ಅದರ ದಾಯಾದಿ ಆಸ್ಟರೋಸೈಕ್ಲಿನಾ. ಕೋಣೆಗಳು ಕಮಾನಿನ ಹಾಗೆ ಬಾಗಿದ್ರೆ ಬೇರೆ ಕಥೆ, ಅದು ಬರಲ್ಲ ಬಿಡಿ, ಫುಲ್ರಾ ಸುಣ್ಣದಕಲ್ಲು ಇಯೋಸೀನ್ ಕಾಲದ್ದು, ಸುಮಾರು 4 ಕೋಟಿ ವರ್ಷ.

ಕೋಥ್ರೂಡ್_ಧಾರವಾಡ
ಅಜ್ಜಾರ, ನೀವು ಬರಂಗಿಲ್ಲ ಅಂದದ್ದಽ ಬಂದೈತ್ರಿ.

ನಿನ್ನೆ ಮೂರು ಉಜ್ಜಿದೆ. ಮೊದಲನೇದು ಅರ್ಧ ತಾಸು ಹಿಡೀತು, ಬೆರಳ ತುದಿ ಸವದು ಫೋನಿನ ಲಾಕ್ ತಗೀವಲ್ದು. ಆದ್ರ ಖರೇನ ಇಟ್ಟಂಗಿ ಗ್ವಾಡಿ ಕಂಡ್ತು, ಬಳಿ ಮ್ಯಾಲೆ ಬಳಿ, ಸಂದಿ ತಪ್ಪಿಸಿ ಕುಂತಾವ. ಎರಡನೇದೂ ಹಂಗಽ. ಮೂರನೇದು ಹೊರಗಿಂದ ನೋಡಿದ್ರ ಅವೆರಡರಂಗಽ ಐತಿ, ಹಪ್ಪಳ, ಹೊಕ್ಕಳ, ಗುಳ್ಳಿ ಎಲ್ಲಾ, ಸ್ವಲ್ಪ ಅಗಲ ಅಷ್ಟಽ. ಆದ್ರ ಒಳಗ ಇಟ್ಟಂಗಿ ಇಲ್ಲ. ಕೋಣಿ ಹೊರಮಗ್ಗಲು ಕಮಾನಿನಂಗ ಬಾಗಿ, ಒಂದರ ಹೆಗಲ ಮ್ಯಾಲೆ ಇನ್ನೊಂದು ಕುಂತಂಗ ಕಾಣ್ತೈತಿ. 20 ಪಟ್ಟಿನ ಲೆನ್ಸ್ ಒಳಗ ಮೊಬೈಲ್ ಇಟ್ಟು ಫೋಟೋ ಹೊಡದೀನಿ, ನೋಡ್ರಿ.

ಮಾಟುಂಗಾ_ಮಾಣಿ
ಫೋಟೋ ನೋಡಿದೆ, ನಂಗೆ ಮಾರ್ಕೆಟಿಂದ ತಂದ ಏರಿ ಮೀನಿನ ಹುರುಪೆ ಕಂಡ ಹಾಗೆ ಆಯ್ತು.

ಪನ್ವೇಲ್_ಅಜ್ಜ
ಮಾಣಿ, ನೀವು ತಮಾಷೆಗೆ ಹೇಳಿದ್ದೇ ಅದರ ಹೆಸರು! ಲೆಪಿಡೊಸೈಕ್ಲಿನಾ, ಗ್ರೀಕಲ್ಲಿ ಲೆಪಿಸ್ ಅಂದ್ರೆ ಹುರುಪೆ. ಡಿಸ್ಕೋಸೈಕ್ಲಿನಾ, ಲೆಪಿಡೊಸೈಕ್ಲಿನಾ ಎರಡಕ್ಕೂ ಹೆಸರಿಟ್ಟಿದ್ದು ಜರ್ಮನಿಯ ಗ್ಯುಂಬೆಲ್ ಒಬ್ಬನೇ.

ಆದ್ರೆ ನಂಗೆ ಈಗ ತಲೆ ಕೆಟ್ಟಿದೆ. ಡಿಸ್ಕೋಸೈಕ್ಲಿನಾ ಇಯೋಸೀನ್ ಮುಗಿಯೋ ಹೊತ್ತಿಗೆ, ಅಂದ್ರೆ 3.39 ಕೋಟಿ ವರ್ಷದ ಹಿಂದೆ, ಪೂರ್ತಿ ಅಳಿದುಹೋಯ್ತು. ನಮ್ಮ ಕಡೆ ಲೆಪಿಡೊಸೈಕ್ಲಿನಾ ಕಾಣಿಸ್ಕೊಳ್ಳೋದು ಅದಾದ ಮೇಲೆ, ಆಲಿಗೋಸೀನ್‌ನಲ್ಲಿ. ಅಮೆರಿಕ ಕಡೆ ಅದು ಮೊದಲೇ ಇತ್ತು, ಅದು ಬೇರೆ. ಕಛ್‌ನಲ್ಲಿ ಒಂದೇ ಜಾಗದಲ್ಲಿ ಇವೆರಡೂ ಒಟ್ಟಿಗೆ ಸಿಕ್ಕೋದು ಅಂದ್ರೆ ಮುತ್ತಜ್ಜ ಮರಿಮಗ ಒಂದೇ ಕ್ಲಾಸಲ್ಲಿ ಓದಿದ ಹಾಗೆ. ನಿಜ ಹೇಳಿ, ಎಲ್ಲಾ ಬಿಲ್ಲೆ ಫುಲ್ರಾದಲ್ಲೇ ಹೆಕ್ಕಿದ್ದಾ?

ವಾಸ್ಕೋ_ವಾಸಿ
ಅಜ್ಜಾ, ಅದಕ್ಕೂ ಮೊದಲು ಒಂದು ತಕರಾರು. ಇಟ್ಟಿಗೆ ಕಂಡ ಕೂಡಲೇ ಡಿಸ್ಕೋಸೈಕ್ಲಿನಾ ಅನ್ನೋ ಹಾಗಿಲ್ಲ. ಸೈಕ್ಲೊಕ್ಲಿಪಿಯಸ್ ಅಂತ ಇನ್ನೊಂದಿದೆ, ಈಗಲೂ ಪೆಸಿಫಿಕ್‌ನ ಆಳದಲ್ಲಿ ಬದುಕಿದೆ, ಅದರಲ್ಲೂ ಬಳೆ ಬಳೆಯಾಗಿ ಆಯತದ ಕೋಣೆಗಳೇ. ವ್ಯತ್ಯಾಸ ಎಲ್ಲಿ ಅಂದ್ರೆ ಸೈಕ್ಲೊಕ್ಲಿಪಿಯಸ್‌ಗೆ ಇರೋದು ನಡುವಿನ ಒಂದೇ ಪದರ, ಎರಡು ಬದಿಗೆ ಬರೀ ಗಟ್ಟಿ ಗೋಡೆ. ಡಿಸ್ಕೋಸೈಕ್ಲಿನಾಕ್ಕೆ ನಡುವಿನ ಪದರದ ಮೇಲೂ ಕೆಳಗೂ ಪುಟ್ಟ ಪುಟ್ಟ ಪಕ್ಕದ ಕೋಣೆಗಳು ಅಂತಸ್ತು ಅಂತಸ್ತಾಗಿ ಇರ್ತವೆ. ಅದಕ್ಕೆ ಬಿಲ್ಲೆಯನ್ನ ನೆಟ್ಟಗೆ ನಿಲ್ಲಿಸಿ ಅಡ್ಡ ಉಜ್ಜಬೇಕು. ಒಂದೇ ಕೊಯ್ತ ನೋಡಿ ಕುಲ ಹೇಳಬಾರದು ಅಂತ ನಮಗೆ ಕಲಿಸಿದವರು ಬೈದು ಬೈದು ಹೇಳ್ತಿದ್ರು.

ಪನ್ವೇಲ್_ಅಜ್ಜ
ಒಪ್ಪಿದೆ, ನಾನು ಅವಸರ ಮಾಡಿದೆ. ಹೊರಗಿನ ಗುಳ್ಳೆಗಳು ಆ ಪಕ್ಕದ ಕೋಣೆಗಳ ನಡುವೆ ನಿಂತ ಕಂಬದ ತಲೆಗಳಿರಬೇಕು ಅಂದ್ಕೊಂಡೇ ಹೇಳಿಬಿಟ್ಟೆ. ಆದ್ರೆ ಗುಳ್ಳೆ ಅಸಿಲಿನಾಕ್ಕೂ ಇರುತ್ತೆ, ಹಾಗಾಗಿ ಅಡ್ಡ ಉಜ್ಜಿಯೇ ನೋಡಬೇಕು.

ಕೋಥ್ರೂಡ್_ಧಾರವಾಡ
ಉಜ್ಜಿದೆ. ಇಟ್ಟಂಗಿ ಇದ್ದ ಎರಡರಾಗೂ ನಡುವ ಒಂದು ತೆಳ್ಳನ ಗೆರಿ, ಮ್ಯಾಲೆ ಕೆಳಗ ಸಣ್ಣ ಸಣ್ಣ ಗೂಡು, ಮಹಡಿ ಮ್ಯಾಲೆ ಮಹಡಿ. ಕಂಬಾನೂ ಅದಾವ, ತಳದಾಗ ಚೂಪ, ಹೊರಗ ಅಗಲ. ಕಮಾನಿನ ಕೋಣಿದ್ರಾಗೂ ಅಡ್ಡ ಕೊಯ್ತ ಹಂಗಽ ಕಾಣ್ತೈತಿ, ಅಲ್ಲಿ ನೋಡಿದ್ರ ಎರಡಕ್ಕೂ ಏನೂ ಫರಕಿಲ್ಲ.

ಇನ್ನ ಜಾಗಾದ ಮಾತು. ಮಗನ್ನ ಕುಂದ್ರಿಸಿ ಕೇಳಿದೆ. ಮೊದಲ ಎಲ್ಲಾ ಫುಲ್ರಾದ್ದಽ ಅಂದ. ಆಮ್ಯಾಲೆ ಬಾಯಿ ಬಿಟ್ಟ. ಮುಂದ ವಾಯೋರ್ ಹತ್ರ ಚಾ ಕುಡಿಯಾಕ ನಿಂತಾಗ ಅಲ್ಲೂ ಒಂದಿಷ್ಟು ಹೆಕ್ಕ್ಯಾನಂತ, ಬ್ಯಾರೆ ಪಾಕೀಟಿನ್ಯಾಗ ಹಾಕಿದ್ನಂತ, ಊರಿಗೆ ಬರೂ ಹೊತ್ತಿಗೆ ತಂಗಿಗೆ ಬಾಂತಿ ಬಂದು ಪಾಕೀಟ್ ಬೇಕಾತಂತ, ಎಲ್ಲಾ ಒಂದಽ ಚೀಲಕ್ಕ ಸುರುವ್ಯಾನ. ನಾ ಏನ್ ಬೈಲಿ, ಆ ಪಾಕೀಟ್ ಕೇಳಿದಾಂವ ನಾನಽ.

ಪನ್ವೇಲ್_ಅಜ್ಜ
ಹಹಹ, ಅಲ್ಲಿಗೆ ಸರಿಹೋಯ್ತು! ವಾಯೋರ್ ಕಡೆ ಆಲಿಗೋಸೀನ್ ಕಲ್ಲಿದೆ, ಮಣಿಯಾರಾ ಫೋರ್ಟ್ ಫಾರ್ಮೇಶನ್ ಅಂತೀವಿ, ಅದರಲ್ಲಿ ಲೆಪಿಡೊಸೈಕ್ಲಿನಾ ಇರಬೇಕಾದ್ದೇ. ನೋಡಿ, ನಿಮ್ಮ ಮಗ ಬೆರೆಸಿದ್ದನ್ನ ಕೋಣೆಯ ಆಕಾರವೇ ಬೇರೆ ಮಾಡ್ಕೊಡ್ತು. ಬಾವಿ ತೋಡುವಾಗಲೂ ಹೀಗೇ, ಮೇಲಿನ ಪದರದ ಚೂರು ಕೆಳಕ್ಕೆ ಉದುರಿ ಬೆರೆತು ಬರುತ್ತೆ, ನಾವು ಕೂತು ಇದೇ ಕೆಲಸ ಮಾಡ್ತಿದ್ವಿ.

ಹಡಪ್ಸರ್_ಹುಡ್ಗ
ಆದ್ರೆ ಸಾರ್, ಎರಡೂ ಹಪ್ಪಳ, ಎರಡಕ್ಕೂ ಹೊಕ್ಕುಳ, ಅಡ್ಡ ಕೊಯ್ದ್ರೂ ಒಂದೇ ಥರ. ಒಂದರಿಂದ ಇನ್ನೊಂದು ಬಂತು ಅಂತ ಯಾಕೆ ಅನ್ಬಾರ್ದು?

ವಾಸ್ಕೋ_ವಾಸಿ
ನಡುವಿನ ಕೋಣೆ ಕಟ್ಟೋ ಕ್ರಮ ಬೇರೆ ಇರೋದ್ರಿಂದ. ಬೆಳಕು ಹಿಡಿಯೋ ಅಗಲ ತಟ್ಟೆ ಬೇಕು ಅಂದಾಗ ಬೇರೆ ಬೇರೆ ಮನೆತನ ಬೇರೆ ಬೇರೆ ಕಾಲದಲ್ಲಿ ಅದೇ ತಟ್ಟೆ ಮಾಡಿಕೊಂಡವು. ಡೈನೋಸಾರ್ ಇದ್ದ ಕ್ರಿಟೇಶಿಯಸ್ ಕಾಲದಲ್ಲಿ ಆರ್ಬಿಟಾಯ್ಡಿಸ್ ಅನ್ನೋ ಕುಲ ಒಂದ್ಸಲ ಮಾಡಿತ್ತು, ಅದು ಹೋಯ್ತು, ಆಮೇಲೆ ಡಿಸ್ಕೋಸೈಕ್ಲಿನಾ ಮಾಡ್ತು, ಅದೂ ಹೋಯ್ತು, ಆಮೇಲೆ ಲೆಪಿಡೊಸೈಕ್ಲಿನಾ. ಬಾವಲಿಗೂ ಹಕ್ಕಿಗೂ ರೆಕ್ಕೆ ಇದೆ, ಮೂಳೆ ನೋಡಿದ್ರೆ ಬೇರೆ ಅಲ್ವಾ, ಹಾಗೆ.

ಪನ್ವೇಲ್_ಅಜ್ಜ
ಕೋಥ್ರೂಡ್ ಅವರೇ, ಕಮಾನಿನ ಕೋಣೆಯದ್ದು ಕೈಲಿದ್ದಾಗಲೇ ಇನ್ನೊಂದು ನೋಡಿ. ನಟ್ಟನಡುವೆ ಮೊದಲ ಎರಡು ಕೋಣೆ ಹೇಗಿದೆ? ಎರಡೂ ಸಮಸಮ ಇದ್ದು ನಡುವೆ ನೇರ ಗೋಡೆ ಇದ್ರೆ ಲೆಪಿಡೊಸೈಕ್ಲಿನಾದ ಖಾಸಾ ಗುಂಪು. ಎರಡನೇದು ಮೂತ್ರಪಿಂಡದ ಹಾಗೆ ಬಾಗಿ ಮೊದಲನೇದನ್ನ ತಬ್ಬಿದ್ರೆ ನೆಫ್ರೊಲೆಪಿಡಿನಾ. ಎರಡನೇದು ಮೊದಲನೇದನ್ನ ಹೆಚ್ಚುಕಮ್ಮಿ ಪೂರ್ತಿ ನುಂಗಿದ್ರೆ, ಹೋಳಿಗೆ ಒಳಗೆ ಹೂರಣ ಇದ್ದ ಹಾಗೆ, ಯುಲೆಪಿಡಿನಾ. ನೆಫ್ರೊ, ಯು ಎರಡನ್ನೂ 1911ರಲ್ಲಿ ಫ್ರಾನ್ಸಿನ ದುವಿಯೆ ಬೇರೆ ಮಾಡಿದ್ದು. ಬರೀ ಎರಡು ಕೋಣೆ ಮೇಲೆ ಇಷ್ಟೆಲ್ಲಾ ನಿಂತಿದೆ, ಅದಕ್ಕೇ ನಡುವಿಗೆ ಸರಿಯಾಗಿ ಉಜ್ಜಿ ಅಂತ ಅಷ್ಟು ಹೇಳಿದ್ದು.

ಕೋಥ್ರೂಡ್_ಧಾರವಾಡ
ನೋಡಿದ್ನಿರಿ. ದೊಡ್ಡದೊಂದು ಗುಂಡನ ಕೋಣಿ, ಗ್ವಾಡಿ ದಪ್ಪ, ಅದರೊಳಗ ಒಂದು ಮಗ್ಗಲಕ್ಕ ಸಣ್ಣದು ಅಂಟ್ಕೊಂಡೈತಿ, ಸುತ್ತಕಡೆ ದೊಡ್ಡದಽ. ನಮ್ಮ ಮನಿಯಾಕಿಗೂ ತೋರಿಸಿದೆ, ಹೋಳಿಗೀನಽ ಅಂದ್ಲು.

ಪನ್ವೇಲ್_ಅಜ್ಜ
ಹಾಗಾದ್ರೆ ಯುಲೆಪಿಡಿನಾ ಅಂತ ಬರ್ಕೊಳ್ಳಿ. ಪ್ರಭೇದದ ಹೆಸರು ಈಗಲೇ ಬೇಡ, ಅದಕ್ಕೆ ಹತ್ತಾರು ಬಿಲ್ಲೆ ಕೊಯ್ದು ಆ ಕೋಣೆಗಳ ಅಳತೆ ತೆಗೀಬೇಕು, ಒಂದರಲ್ಲಿ ಆಗಲ್ಲ. ಚೀಟಿ ಮೇಲೆ 'ವಾಯೋರ್ ಇರಬಹುದು, ಬೆರಕೆ ಚೀಲ' ಅಂತಾನೂ ಬರೀರಿ, ನಾಚಿಕೆ ಪಡಬೇಡಿ.

ಕೋಥ್ರೂಡ್_ಧಾರವಾಡ
ಬರದೆ. ಈಗ ಡಬ್ಬಿ ನಾಕು ಆದ್ವು. ಮೂರನೇ ಡಬ್ಬಿಯೊಳಗ ಇನ್ನೂ 13 ಉಳದಾವ, ಯಾವ್ಯಾವು ಇಟ್ಟಂಗಿ ಯಾವ್ಯಾವು ಹುರುಪಿ ಗೊತ್ತಿಲ್ಲ. ಮಗನ್ನ ಕುಂದ್ರಿಸೀನಿ ಉಜ್ಜಾಕ, ಬೆರಸಿದಾಂವ ಅಂವನಽ. ರವಿವಾರ ಫೋಟೋ ಹಾಕ್ತೀನ್ರಿ.